ಪ್ಲಗ್ ಕಿತ್ತು ನೋಡಿದ ಮೂರು ಗುರುವಾರ: ವಿಎಂ ಫೇಲ್‌ಓವರ್‌ನ ಮೂರು ದಾರಿಗಳು

ಪುಣೆಯ ಭೋಸರಿಯಲ್ಲಿ ನಮ್ಮದು ಗಾಡಿಗಳ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ. ಮಾಲೀಕರು ಬೆಳಗಾವಿ ಕಡೆಯವರು. ಕಳೆದ ಮಳೆಗಾಲದಲ್ಲಿ, ರಾತ್ರಿ ಪಾಳಿಯ ನಡುವೆ, ಇದ್ದ ಒಂದೇ ಸರ್ವರ್‌ನ ಪವರ್ ಸಪ್ಲೈ ಸುಟ್ಟಿತು. ಬಿಲ್ ಇಲ್ಲ, ಇ-ವೇ ಬಿಲ್ ಇಲ್ಲ. ಚಾಕಣ್‌ಗೆ ಹೊರಟಿದ್ದ ಎರಡು ಲಾರಿ ಬೆಳಗಿನ ತನಕ ಗೇಟಿನಲ್ಲೇ ನಿಂತವು. ಮರುದಿನ ಮಾಲೀಕರು ಕೇಳಿದ್ದು ಒಂದೇ ಮಾತು: "ಇನ್ನೊಂದು ಮಷೀನ್ ತಗೊಂಡ್ರ ತಾನ ಚಾಲೂ ಆಕ್ಕೈತೇನ್ರಿ?"

ಎರಡನೇ ಸರ್ವರ್ ಬಂತು. ನಮ್ಮ ಬಿಲ್ಲಿಂಗ್ ಓಡುವುದು ವಿಎಂನಲ್ಲಿ, ಅಂದರೆ ಸರ್ವರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್‌ನಲ್ಲಿ. ಒಂದು ಸರ್ವರ್ ಸತ್ತರೆ ಆ ವಿಎಂ ಇನ್ನೊಂದರಲ್ಲಿ ಶುರುವಾಗುವುದೇ ಫೇಲ್‌ಓವರ್. ಗುರುವಾರ ನಮಗೆ ವಾರದ ರಜೆ. ಮೂರು ಗುರುವಾರ ಮೂರು ಥರ ಜೋಡಿಸಿ, ಓಡುತ್ತಿದ್ದ ಸರ್ವರ್‌ನ ಪ್ಲಗ್ ಕಿತ್ತು ನೋಡಿದೆ.

ಮೊದಲು ಹೈಪರ್-ವಿ ರೆಪ್ಲಿಕಾ, ವಿಂಡೋಸ್ ಸರ್ವರ್‌ನಲ್ಲೇ ಬರುವ ವಿಎಂ ನಕಲು ಸೌಲಭ್ಯ. ವಿಂಡೋಸ್ ಸರ್ವರ್ ಲೈಸೆನ್ಸ್ ಹೇಗೂ ಇತ್ತು. 30 ಸೆಕೆಂಡ್, 5 ನಿಮಿಷ, 15 ನಿಮಿಷ, ಈ ಮೂರರಲ್ಲಿ ಒಂದು ಅಂತರ ಆರಿಸಿಕೊಂಡರೆ ವಿಎಂನ ಬದಲಾವಣೆಗಳು ಆಚೆಯ ಸರ್ವರ್‌ಗೆ ಹೋಗುತ್ತಾ ಇರುತ್ತವೆ. ನಮ್ಮಲ್ಲಿ ಡೊಮೇನ್ (ಕಂಪ್ಯೂಟರ್‌ಗಳ ಗುರುತನ್ನು ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ ಕಾರಣ ಸರ್ವರ್‌ಗಳು ಒಂದನ್ನೊಂದು ಗುರುತಿಸಲು ಸರ್ಟಿಫಿಕೇಟ್ ಮಾಡಬೇಕಾಯಿತು. ಉಳಿದದ್ದೆಲ್ಲ ಸಲೀಸು. ಆದರೆ ಸರ್ವರ್ ಸತ್ತಾಗ ಇದು ತಾನಾಗಿ ಏನೂ ಮಾಡುವುದಿಲ್ಲ. ಯಾರಾದರೂ ಕೂತು ಫೇಲ್‌ಓವರ್ ಒತ್ತಬೇಕು. ನಾನಿರುವುದು ಕಾತ್ರಜ್‌ನಲ್ಲಿ, ಊರಿನ ಇನ್ನೊಂದು ತುದಿ. ಮನೆಯಿಂದ ಮಾಡೋಣ ಅಂದರೆ ಹೊರಗಿನಿಂದ ಕಾರ್ಖಾನೆಯ ನೆಟ್‌ವರ್ಕ್‌ಗೆ ಬರುವ ದಾರಿಯಾದ ವಿಪಿಎನ್ ಕೂಡ ಅದೇ ಸರ್ವರ್‌ನ ಒಂದು ವಿಎಂ. ರಾತ್ರಿ ಪಾಳಿ ಇರುವವರಿಗೆ ಇದು ಸಾಲದು.

ಎರಡನೆಯದು ಪ್ರಾಕ್ಸ್‌ಮಾಕ್ಸ್ (ವಿಎಂಗಳನ್ನು ಓಡಿಸುವ ಇನ್ನೊಂದು ಸಾಫ್ಟ್‌ವೇರ್), ಜೆಡ್‌ಎಫ್‌ಎಸ್ ರೆಪ್ಲಿಕೇಶನ್ ಜೊತೆ, ಅಂದರೆ ಡಿಸ್ಕ್‌ನ ಬದಲಾವಣೆಗಳನ್ನು ಆಗಾಗ ಆಚೆಯ ಸರ್ವರ್‌ಗೆ ನಕಲು ಮಾಡುವುದು. ಇದರ ಮೇಲೆ ಜಾಸ್ತಿ ಹೊತ್ತು ಕಳೆದೆ. ನಕಲು 15 ನಿಮಿಷಕ್ಕೊಮ್ಮೆ ಅಂತ ಇರುತ್ತದೆ, 1 ನಿಮಿಷಕ್ಕೆ ಇಳಿಸಬಹುದು, ಹಾಗೇ ಇಳಿಸಿದೆ. ವಿಎಂ ಓಡಿಸಲು ಸರ್ವರ್‌ಗಳ ಮತಗಳಲ್ಲಿ ಬಹುಮತ ಬೇಕು. ಎರಡೇ ಸರ್ವರ್ ಇದ್ದರೆ ಒಂದು ಸತ್ತಾಗ ಇನ್ನೊಂದಕ್ಕೆ ಬಹುಮತ ಸಿಗುವುದಿಲ್ಲ, ಅಲ್ವಾ? ಅದಕ್ಕೆ ಮೂರನೇ ಮತವಾಗಿ ಕ್ಯೂಡಿವೈಸ್ (ಬೇರೆ ಕಂಪ್ಯೂಟರ್‌ನಲ್ಲಿ ಓಡುತ್ತಾ ಮತ ಮಾತ್ರ ಹಾಕುವ ಸಣ್ಣ ಪ್ರೋಗ್ರಾಂ) ಬೇಕು. ಸ್ಟೋರ್ಸ್‌ನ ಹಳೆಯ ಪಿಸಿಯಲ್ಲಿ ಹಾಕಿದೆ. ಇದೇ ಸರ್ವರ್‌ಗಳೊಳಗೆ ವಿಎಂ ಮಾಡಿ ಇಡಬೇಡಿ, ಅದೂ ಜೊತೆಗೇ ಸಾಯುತ್ತದೆ. ಪ್ಲಗ್ ಕಿತ್ತ ಮೇಲೆ ಸುಮಾರು ಎರಡು ನಿಮಿಷಕ್ಕೆ ವಿಎಂ ಆಚೆ ಕಡೆ ಶುರುವಾಯಿತು. ವಿಂಡೋಸ್ ಎದ್ದು ಲಾಗಿನ್ ಬರುವಾಗ ನಾಲ್ಕು ನಿಮಿಷ.

ಆಮೇಲೆ ಸುಮ್ನೆ ಎಲ್ಲವನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್‌ನ ಪ್ಲಗ್ ಕಿತ್ತೆ. ಒಂದು ನಿಮಿಷದಲ್ಲಿ ಎರಡೂ ಸರ್ವರ್ ತಾವೇ ರೀಸೆಟ್ ಆದವು! ಬಹುಮತ ಕಳೆದುಕೊಂಡ ಸರ್ವರ್ ತನ್ನನ್ನು ತಾನೇ ರೀಸೆಟ್ ಮಾಡಿಕೊಳ್ಳುವುದು ಸರಿಯೇ. ಇಲ್ಲದಿದ್ದರೆ ಒಂದೇ ವಿಎಂ ಎರಡು ಕಡೆ ಓಡಿ ಡೇಟಾ ಹಾಳಾಗುತ್ತದೆ. ಎರಡೂ ಸರ್ವರ್ ನಡುವೆ ನೇರ ಕೇಬಲ್ ಹಾಕಿ, ಸರ್ವರ್‌ಗಳು ಪರಸ್ಪರ ಮಾತಾಡಲು ಬಳಸುವ ಕೊರೊಸಿಂಕ್‌ಗೆ ಎರಡನೇ ಲಿಂಕ್ ಕೊಟ್ಟೆ. ಮತ್ತೆ ಸ್ವಿಚ್ ಆರಿಸಿದೆ, ಎರಡೂ ರೀಸೆಟ್ ಆಗದೆ ಓಡುತ್ತಲೇ ಇದ್ದವು. ಈ ಒಂದು ಕೇಬಲ್ ಮರೆಯಬೇಡಿ.

ನಿಜವಾದ ತೊಡಕು ಎರಡು ನಕಲುಗಳ ನಡುವಿನ ಆ ಒಂದು ನಿಮಿಷದ್ದು. ಪರೀಕ್ಷೆಗೆ ಒಂದೊಂದೇ ಬಿಲ್ ಹಾಕುತ್ತಾ ಪ್ಲಗ್ ಕಿತ್ತಿದ್ದೆ. ಎದ್ದ ಮೇಲೆ ಕೊನೆಯ ಬಿಲ್ ಇರಲಿಲ್ಲ. ಕೆಲಸದ ದಿನ ಹೀಗಾದರೆ ಆ ಬಿಲ್ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ಆಗಲೇ ದಾಖಲಾಗಿರುತ್ತದೆ, ನಮ್ಮ ಡೇಟಾಬೇಸ್‌ನಲ್ಲಿ ಮಾತ್ರ ಇರುವುದಿಲ್ಲ. ಮುಂದಿನ ಬಿಲ್‌ಗೆ ಸಾಫ್ಟ್‌ವೇರ್ ಅದೇ ನಂಬರ್ ಕೊಡುತ್ತದೆ, ಪೋರ್ಟಲ್ ತಿರಸ್ಕರಿಸುತ್ತದೆ. ಲಾರಿ ಮತ್ತೆ ಗೇಟಿನಲ್ಲಿ.

ಮೂರನೆಯದು ಅದೇ ಪ್ರಾಕ್ಸ್‌ಮಾಕ್ಸ್, ಸೆಫ್ ಜೊತೆ, ಅಂದರೆ ಎಲ್ಲ ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಸಂಗ್ರಹ ಮಾಡುವ ಸಾಫ್ಟ್‌ವೇರ್. ಇದಕ್ಕೆ ಮೂರು ಸರ್ವರ್ ಬೇಕು, ಒಂದನ್ನು ಗೆಳೆಯರಿಂದ ತಂದೆ. ಮೇಲೇಳುವ ಹೊತ್ತು ಇಲ್ಲಿಯೂ ಅಷ್ಟೇ, ನಾಲ್ಕು ನಿಮಿಷ. ಸೆಫ್ ಅಂದರೆ ವೇಗ ಅಂದುಕೊಂಡವರು ಇದನ್ನು ಗಮನಿಸಬೇಕು: ವಿಎಂ ಅನ್ನು ತಾನಾಗಿ ಎಬ್ಬಿಸುವ ಪ್ರಾಕ್ಸ್‌ಮಾಕ್ಸ್‌ನ ಎಚ್‌ಎ (ಹೈ ಅವೈಲಬಿಲಿಟಿ) ಎರಡರಲ್ಲೂ ಒಂದೇ. ಆದರೆ ಬಿಲ್ ಒಂದೂ ಹೋಗಲಿಲ್ಲ, ಪ್ರತಿ ಬರಹವೂ ಆಗಿಂದಾಗ್ಗೆ ಬೇರೆ ಸರ್ವರ್‌ಗಳಿಗೂ ಹೋಗಿರುತ್ತದೆ. ನನಗೆ ಮನಸ್ಸಿಗೆ ಹಿಡಿಸಿದ್ದು ಇದೇ. ಖರ್ಚು ಮಾತ್ರ ದೊಡ್ಡದು. ಮೂರು ಪ್ರತಿ ಇಡುವುದರಿಂದ ಡಿಸ್ಕ್‌ನ ಮೂರನೇ ಒಂದು ಪಾಲು ಮಾತ್ರ ಬಳಕೆಗೆ ಸಿಗುತ್ತದೆ. ನಮ್ಮ 1 ಗಿಗಾಬಿಟ್ ನೆಟ್‌ವರ್ಕ್, ಸಾಮಾನ್ಯ ಎಸ್‌ಎಸ್‌ಡಿ ಮೇಲೆ ಬಿಲ್ ಪರದೆ ತೆವಳಿತು. 10 ಗಿಗಾಬಿಟ್ ಕಾರ್ಡ್, ಕರೆಂಟ್ ಹೋದರೂ ಡೇಟಾ ಕಾಯುವ ಎಸ್‌ಎಸ್‌ಡಿ ಇಲ್ಲದೆ ಸೆಫ್‌ಗೆ ಕೈ ಹಾಕಬೇಡಿ.

ಸದ್ಯಕ್ಕೆ ಎರಡನೆಯದನ್ನೇ ಇಟ್ಟುಕೊಂಡಿದ್ದೇವೆ, ಒಂದು ಬದಲಾವಣೆಯೊಂದಿಗೆ. ವಿಎಂ ತಾನಾಗಿ ಏಳುತ್ತದೆ, ಬಿಲ್ಲಿಂಗ್ ಸರ್ವಿಸ್ ಮಾತ್ರ ಏಳುವುದಿಲ್ಲ. ಪಾಳಿಯ ಮೇಲ್ವಿಚಾರಕರು ಪೋರ್ಟಲ್‌ನಲ್ಲಿ ಕೊನೆಯ ಬಿಲ್ ನಂಬರ್ ನೋಡುತ್ತಾರೆ, ತಪ್ಪಿಹೋದ ಬಿಲ್ ಮತ್ತೆ ಸೇರಿಸುತ್ತಾರೆ, ಆಮೇಲೆ ಸರ್ವಿಸ್ ಶುರು ಮಾಡುತ್ತಾರೆ. ಈ ಹೆಜ್ಜೆಗಳನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದು ಗೋಡೆಗೆ ಅಂಟಿಸಿದ್ದೇನೆ. ಹೋದ ಗುರುವಾರ ನಾನು ಕೈ ಹಚ್ಚದೆ ಪಕ್ಕದಲ್ಲಿ ನಿಂತೆ. ಪ್ಲಗ್ ಕಿತ್ತ ಹೊತ್ತಿನಿಂದ ಮುಂದಿನ ಬಿಲ್‌ನ ತನಕ ಅವರಿಗೆ ಹನ್ನೊಂದು ನಿಮಿಷ ಹಿಡಿಯಿತು.