ಕಾಲಿನ ಹುಣ್ಣಿಗೆ ಸುತ್ತುವ ಪಟ್ಟಿ: ಎರಡು ವರ್ಷ ಬಳಸಿದವನ ಮಾತು

ಎಡಗಾಲಿನ ಒಳಬದಿಯಲ್ಲಿ, ಹರಡಿಗಿಂತ, ಅಂದರೆ ಪಾದದ ಕೀಲಿಗಿಂತ, ನಾಲ್ಕು ಬೆರಳು ಮೇಲೆ, ಹದಿನಾಲ್ಕು ತಿಂಗಳಾದರೂ ಮಾಯದ ಒಂದು ಹುಣ್ಣು ನನಗಿತ್ತು. ಆ ಅವಧಿಯಲ್ಲಿ ಮುಲಾಮು, ಪುಡಿ, ಮಾತ್ರೆಗಳಿಗೆ ಸುರಿದ ಹಣದ ಚೀಟಿಗಳನ್ನು ಒಂದು ರಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಕೂಡಿಸಿದರೆ 23,000 ರೂಪಾಯಿ ದಾಟುತ್ತದೆ. ಕೊನೆಗೆ ಅದನ್ನು ಮಾಯಿಸಿದ್ದು ತಲಾ 780 ರೂಪಾಯಿಯ ಎರಡು ಬಟ್ಟೆಯ ಪಟ್ಟಿಗಳು. ಅಂಗಡಿಯವರು ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್ ಎನ್ನುವ, ರಬ್ಬರಿನ ಎಳೆಯಿಲ್ಲದ ಹತ್ತಿಯ ಪಟ್ಟಿ ಅದು. ಅದರ ಮೇಲೆ ನನಗೆ ಮೆಚ್ಚುಗೆಯಿದೆ, ಸಿಟ್ಟೂ ಇದೆ. ಸಿಟ್ಟು ಮೊದಲು ಬಂದದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ.

ಗದಗಿನ ಒಂದು ಮುದ್ರಣಾಲಯದಲ್ಲಿ ನಾನು ಮೂವತ್ತೊಂದು ವರ್ಷ ದುಡಿದೆ. ಆರಂಭದಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುವ ಕಂಪೋಜಿಟರ್, ಆಮೇಲೆ ಆಫ್‌ಸೆಟ್ ಯಂತ್ರದ ಕೆಲಸ. ಎರಡೂ ನಿಂತೇ ಮಾಡುವಂಥವು. ಕಾಲಿನಿಂದ ಮೇಲೇರುವ ರಕ್ತ ಕೆಳಗೆ ಜಾರದಂತೆ ತಡೆಯಲು ನಾಳಗಳಲ್ಲಿ ಸಣ್ಣ ಕವಾಟಗಳಿರುತ್ತವೆ. ಅವು ಸೋತರೆ ರಕ್ತ ಕೆಳಗೇ ನಿಂತು ನಾಳಗಳು ಉಬ್ಬುತ್ತವೆ, ಸಂಜೆಯ ಹೊತ್ತಿಗೆ ಕಾಲು ಬಾಯುತ್ತದೆ, ಹರಡಿನ ಸುತ್ತಲಿನ ಚರ್ಮ ಕಂದುಬಣ್ಣಕ್ಕೆ ತಿರುಗಿ ಗಡುಸಾಗುತ್ತದೆ, ಆ ಚರ್ಮಕ್ಕೆ ಒಂದು ಸಣ್ಣ ತರಚು ಬಿದ್ದರೂ ಅದು ಮಾಯುವುದಿಲ್ಲ. ನನ್ನದು ಬಾಗಿಲ ಹೊಸ್ತಿಲು ತಾಗಿ ಆದ ತರಚು. ಕಪ್ಪತಗುಡ್ಡದ ಸೊಪ್ಪಿನ ರಸದಿಂದ ಹಿಡಿದು ನಿಯೋಮೈಸಿನ್ ಮುಲಾಮಿನವರೆಗೆ ಎಲ್ಲವನ್ನೂ ಹಚ್ಚಿದೆ. ಆ ಮುಲಾಮು ಗಾಯದ ಸುತ್ತ ಕೆಂಪು ಗಂದೆ ಎಬ್ಬಿಸಿ ತುರಿಕೆಯನ್ನು ತಂದಿಟ್ಟಿತು. ಇಂಥ ಹುಣ್ಣಿನವರಿಗೆ ಅದರ ಅಲರ್ಜಿ ಸಾಮಾನ್ಯವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

2023ರ ಜೂನ್ ತಿಂಗಳಲ್ಲಿ ಪಟ್ಟಿ ಕೊಂಡು ತಂದೆ. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಏಳೆಂಟು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಚಿತ್ರಗಳಲ್ಲಿ ಬಾಣದ ಗುರುತುಗಳಿದ್ದವು, ಎಷ್ಟು ಬಿಗಿ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ಅಂಗಡಿಯವನನ್ನು ಕೇಳಿದರೆ ಬಿಲ್ಲು ಹರಿದುಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ. ನಾನು ಹುಣ್ಣಿದ್ದ ಜಾಗಕ್ಕೆ ಮಾತ್ರ, ತಲೆಗೆ ರುಮಾಲು ಸುತ್ತಿದಂತೆ, ಗಟ್ಟಿಯಾಗಿ ಸುತ್ತಿಕೊಂಡೆ. ಸಂಜೆಗೆ ಪಾದ ಹೋಳಿಗೆಯಂತೆ ಉಬ್ಬಿತು. ಮರುದಿನ ಹೆದರಿ ಸಡಿಲ ಬಿಟ್ಟೆ, ಅದು ಮಧ್ಯಾಹ್ನದೊಳಗೆ ಕುಸಿದು ಹರಡಿನ ಬಳಿ ಗುಂಪಾಗಿ ಕುಳಿತಿತು. ಜೊತೆಗೆ ಬಂದಿದ್ದ ಹಲ್ಲಿನ ಕ್ಲಿಪ್ಪುಗಳು ರಾತ್ರಿ ಕಳಚಿ ಬಲಗಾಲನ್ನು ಗೀರಿದವು. ಎರಡು ತಿಂಗಳು ಹೀಗೆಯೇ ಕಳೆದು, ಇದೊಂದು ಮೋಸದ ಮಾಲು ಎಂದು ಕಂಡವರೆದುರು ಬೈದುಕೊಂಡು ತಿರುಗಿದೆ.

ಆಗಸ್ಟ್‌ನಲ್ಲಿ ಮಗ ಹಟ ಹಿಡಿದು ಹುಬ್ಬಳ್ಳಿಯ ರಕ್ತನಾಳ ತಜ್ಞರ ಬಳಿ ಕರೆದೊಯ್ದ. ಅವರು ಹುಣ್ಣನ್ನು ನೋಡುವುದಕ್ಕೆ ಮೊದಲೇ ತೋಳಿಗೂ ಹರಡಿಗೂ ರಕ್ತದೊತ್ತಡದ ಪಟ್ಟಿ ಕಟ್ಟಿ, ಡಾಪ್ಲರ್ ಕಡ್ಡಿಯಿಟ್ಟು ಸುಯ್ ಸುಯ್ ಎನ್ನುವ ರಕ್ತದ ಸದ್ದನ್ನು ಕೇಳಿದರು. ಹರಡಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ ನನ್ನ ಲೆಕ್ಕ 1.05 ಬಂತು. ಅದು 0.8ಕ್ಕಿಂತ ಕೆಳಗಿದ್ದರೆ ಕಾಲಿಗೆ ರಕ್ತ ಇಳಿಸುವ ನಾಳಗಳೇ ಕಟ್ಟಿರುವ ಸಂಶಯವಿರುತ್ತದೆಂದೂ, ಅಂಥ ಕಾಲಿಗೆ ಬಿಗಿಯಾಗಿ ಸುತ್ತಿದರೆ ಪಾದಕ್ಕೇ ಕುತ್ತು ಬರಬಹುದೆಂದೂ ವಿವರಿಸಿದರು. ಎರಡು ತಿಂಗಳು ಪರೀಕ್ಷೆಯಿಲ್ಲದೆ ಸುತ್ತಿಕೊಂಡಿದ್ದ ನನಗೆ ಅಲ್ಲೇ ಬೆವರು ಬಂತು. ನಮ್ಮ ಓಣಿಯ ಸಕ್ಕರೆ ಕಾಯಿಲೆಯ ಗೆಳೆಯರೊಬ್ಬರು ನನ್ನ ಪಟ್ಟಿ ನೋಡಿ ತಾವೂ ಕೊಳ್ಳಲು ಹೊರಟಾಗ ನಾನು ತಡೆದದ್ದು ಇದೇ ಕಾರಣಕ್ಕೆ. ಸಕ್ಕರೆಯಿದ್ದವರ ನಾಳ ಗಡುಸಾಗಿ ಈ ಲೆಕ್ಕವೇ ಸುಳ್ಳು ಹೇಳಬಹುದು, ಅವರಿಗೆ ಬೇರೆ ಪರೀಕ್ಷೆಯೂ ಬೇಕಾಗುತ್ತದೆ.

ಪಟ್ಟಿ ಸುತ್ತುವುದನ್ನು ಕಲಿಸಿದ್ದು ಅಲ್ಲಿಯ ಒಬ್ಬ ನರ್ಸಮ್ಮ. ನಾನು ಸುತ್ತಿದ್ದನ್ನು ನೋಡಿ ಆಕೆ ನಕ್ಕು, “ಅಜ್ಜಾರ, ಹುಣ್ಣಿಗಲ್ರಿ, ಕಾಲಿಗೆ ಸುತ್ತಬೇಕು. ಬೆರಳಿನ ಬುಡದಿಂದ ಸುರು ಮಾಡ್ರಿ,” ಎಂದಳು. ಪಾದವನ್ನು ಕಣಕಾಲಿಗೆ ಲಂಬ ಕೋನದಲ್ಲಿಟ್ಟು, ಹಿಮ್ಮಡವನ್ನು ಬಿಡದೆ ಮುಚ್ಚಿ, ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಹೊದೆಯುವಂತೆ, ಮೊಣಕಾಲಿಗೆ ಎರಡು ಬೆರಳು ಕೆಳಗೆ ಮುಗಿಯುವವರೆಗೆ ಒಂದೇ ಎಳೆತದಲ್ಲಿ ಸುತ್ತಬೇಕು. ಎಳೆತ ಒಂದೇ ಇದ್ದರೂ ಹರಡು ಸಣ್ಣದಾದ್ದರಿಂದ ಅಲ್ಲಿ ಒತ್ತಡ ಹೆಚ್ಚು, ಮೀನಖಂಡ ದಪ್ಪವಾದ್ದರಿಂದ ಅಲ್ಲಿ ಕಡಿಮೆ. ಕೆಳಗೆ ಹೆಚ್ಚು ಮೇಲೆ ಕಡಿಮೆ ಎಂಬ ಇಳಿಕೆಯನ್ನು ಕಾಲಿನ ಆಕಾರವೇ ಮಾಡಿಕೊಡುತ್ತದೆ. ಹರಡಿನಲ್ಲಿ ಸುಮಾರು 40 ಮಿಲಿಮೀಟರ್ ಪಾದರಸದ ಒತ್ತಡ ಬೀಳಬೇಕೆಂಬುದು ಗುರಿ. ಹಿಗ್ಗದ ಬಟ್ಟೆಯ ಗುಟ್ಟೂ ಆಗಲೇ ತಿಳಿಯಿತು. ನಡೆದಾಗ ಮೀನಖಂಡ ಉಬ್ಬಿ ಬಟ್ಟೆಗೆ ಒತ್ತುತ್ತದೆ, ಬಟ್ಟೆ ಜಗ್ಗುವುದಿಲ್ಲ, ಹಾಗಾಗಿ ಆ ಒತ್ತು ನಾಳದ ಮೇಲೆ ಬಿದ್ದು ರಕ್ತ ಮೇಲಕ್ಕೆ ಹೋಗುತ್ತದೆ. ಮಲಗಿದಾಗ ಒತ್ತಡ ತಾನಾಗಿ ಇಳಿಯುವುದರಿಂದ ರಾತ್ರಿಯೂ ಬಿಚ್ಚಬೇಕಿಲ್ಲ. ಸಾದಾ ಕ್ರೇಪ್ ಬ್ಯಾಂಡೇಜಿಗೆ ಈ ಗುಣವಿಲ್ಲ. ಅದು ಕೆಲವೇ ತಾಸಿನಲ್ಲಿ ಸೋತು ಸಡಿಲವಾಗುತ್ತದೆ.

ಎಷ್ಟು ಬಿಗಿ ಎಂಬುದು ನನ್ನ ಕೈಗೆ ಹತ್ತಿದ್ದು ಹಳೆಯ ಕಸುಬಿನಿಂದ. ಮೊಳೆಯ ಸಾಲು ಸಡಿಲಾದರೆ, ಜೋಡಿಸುವ ಕೈಪಟ್ಟಿಯಾದ ಸ್ಟಿಕ್ಕಿನಿಂದ ಎತ್ತುವಾಗ ಉದುರುತ್ತದೆ, ಅತಿ ಬಿಗಿಯಾದರೆ ಪುಟವನ್ನು ಬಿಗಿಯುವ ಚೌಕಟ್ಟಾದ ಚೇಸಿನಲ್ಲಿ ಬಿಲ್ಲಿನಂತೆ ಬಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದಾಗ ಅಲುಗದೆ, ಎತ್ತಿದಾಗ ಸಲೀಸಾಗಿ ಬರುವ ಒಂದು ಹದವಿದೆ. ಆ ಹದವೇ ಇಲ್ಲಿಗೂ ಒಪ್ಪಿತು.

ಪಟ್ಟಿ ಕಟ್ಟುವ ದಿನಗಳಲ್ಲಿ ನನ್ನ ಬೆಳಗು ಹೀಗೆ. ಏಳುವ ಮೊದಲೇ, ಕಾಲು ಬಾಯುವ ಮೊದಲೇ, ಮಂಚದ ಮೇಲೆ ಕಾಲು ಚಾಚಿ ಹಳೆಯ ಪಟ್ಟಿ ಬಿಚ್ಚುತ್ತೇನೆ. ಒಂದು ಲೀಟರ್ ನೀರು ಕುದಿಸಿ, 9 ಗ್ರಾಂ ಉಪ್ಪು ಹಾಕಿ ಆರಿಸಿ, ಅದರಿಂದಷ್ಟೇ ಹುಣ್ಣನ್ನು ತೊಳೆಯುವುದು. ಸುತ್ತಲಿನ ಒಣ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ, ಹುಣ್ಣಿನ ಮೇಲೆ ಅಂಟದ ಡ್ರೆಸಿಂಗ್, ಅದರ ಮೇಲೆ ಮುಂಗಾಲಿನ ಎಲುಬಿಗೆ ಒತ್ತದಂತೆ ಹತ್ತಿಯ ಸುರುಳಿ, ಕೊನೆಗೆ ಪಟ್ಟಿ. ಕ್ಲಿಪ್ಪುಗಳನ್ನು ಎಸೆದು ಪೇಪರ್ ಟೇಪ್ ಅಂಟಿಸುತ್ತೇನೆ. ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟಾಗ ಕೆಂಪು ತಕ್ಷಣ ಮರಳಿದರೆ ಸರಿ, ಬೆರಳು ನೀಲಿಗಟ್ಟಿದರೆ ಅಥವಾ ಜೋಮು ಹಿಡಿದರೆ ಬಿಚ್ಚಲೇಬೇಕು. ಮೊದಲ ತಿಂಗಳು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆ ಎರಡು ಸಲ ಈ ಕೆಲಸ.

ಎಂಟು-ಹತ್ತು ದಿನಕ್ಕೊಮ್ಮೆ ನಳ ಬರುವ ನಮ್ಮ ಓಣಿಯಲ್ಲಿ ಪಟ್ಟಿ ಒಗೆಯುವ ನೀರಿಗೂ ಲೆಕ್ಕವಿಡಬೇಕು. ಬೋರಿನ ಗಡಸು ನೀರಿಗೆ ಬಟ್ಟೆ ಬಿರುಸಾಗುತ್ತದೆಂದು ಸೊಸೆ ಒಂದು ಕೊಡ ನಳದ ನೀರನ್ನು ಬೇರೆಯೇ ಮುಚ್ಚಿಡುತ್ತಾಳೆ. ಹಿಂಡದೆ ನೆರಳಲ್ಲಿ ಒಣಗಿಸಿದ ಐದು ಮೀಟರ್ ಬಟ್ಟೆಯನ್ನು ಸಂಜೆ ಕಟ್ಟೆಯ ಮೇಲೆ ಕುಳಿತು ಸುರುಳಿ ಸುತ್ತುವುದು ನನಗೆ ಅನಿರೀಕ್ಷಿತವಾಗಿ ಸಿಕ್ಕ ಸುಖ. ಒಂದು ತುದಿಯನ್ನು ಮೊಮ್ಮಗ ಹಿಡಿದು ಅಂಗಳದ ಆಚೆ ನಿಲ್ಲುತ್ತಾನೆ. ನಾನು ಸುತ್ತುತ್ತ ಬಂದಂತೆ ಅವನು ಹೆಜ್ಜೆ ಹೆಜ್ಜೆಯಾಗಿ ಹತ್ತಿರ ಬರುತ್ತಾನೆ. ಸುರುಳಿ ಅಂಚು ಏರುಪೇರಾದರೆ ಅವನೇ “ಮತ್ತೊಮ್ಮೆ ಅಜ್ಜಾ” ಎಂದು ಹಿಂದಕ್ಕೆ ಓಡುತ್ತಾನೆ.

ಫಲದ ಲೆಕ್ಕವನ್ನೂ ಹೇಳಬೇಕು. ಪ್ರತಿ ಭಾನುವಾರ ಪಾರದರ್ಶಕ ಹಾಳೆಯ ಮೇಲೆ ಹುಣ್ಣಿನ ಅಂಚು ಬರೆದು, ಮುದ್ರಣಾಲಯದ ಹಳೆಯ ಅಳತೆಪಟ್ಟಿಯಿಂದ ಅಳೆದೆ. ಆಗಸ್ಟ್‌ನಲ್ಲಿ ಉದ್ದ 12 ಎಮ್, ಅಂದರೆ 5 ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಗಲ 8 ಎಮ್. ಮೊದಲ ವಾರದಲ್ಲೇ ಸೋರುವ ನೀರು, ವಾಸನೆ ಇಳಿದವು. ಹದಿನೇಳನೆಯ ವಾರ ಹಾಳೆಯ ಮೇಲೆ ಬರೆಯಲು ಅಂಚೇ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ. ಹುಣ್ಣು ಮಾಯ್ದರೂ ಕವಾಟಗಳು ದುರಸ್ತಿಯಾಗಿರುವುದಿಲ್ಲ; ಆಮೇಲೆ ದಿನವೂ ಬಿಗಿ ಸ್ಟಾಕಿಂಗ್ಸ್ ಧರಿಸಬೇಕು. ನನಗೆ ಬಿಗಿತದಲ್ಲಿ ಎರಡನೆಯ ದರ್ಜೆಯದನ್ನು ಬರೆದುಕೊಟ್ಟರು, ಜೋಡಿಗೆ 2,600 ರೂಪಾಯಿ. ಪಟ್ಟಿಯ ಮೇಲೆ ನನಗಿರುವ ಪ್ರೀತಿಯ ಕಾಲುಭಾಗವೂ ಇದರ ಮೇಲಿಲ್ಲ. ಪಾದಕ್ಕೆ ಪ್ಲಾಸ್ಟಿಕ್ ಚೀಲ ತೊಡಿಸಿ, ಕೈಗೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿ ಎಳೆದರೂ ಹತ್ತು ನಿಮಿಷ ಹಿಡಿಯುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅದನ್ನು ಸಹಿಸುವುದು ಒಂದು ವ್ರತ. ಆರು ತಿಂಗಳಿಗೊಮ್ಮೆ ಬದಲಿಸಬೇಕೆಂದು ಗೊತ್ತಿದ್ದೂ, ಪಿಂಚಣಿಯ ಹಣಕ್ಕೆ ಅಂಜಿ ಎರಡನೆಯ ಜೋಡಿಯನ್ನು ಹತ್ತು ತಿಂಗಳು ಎಳೆದೆ. ಅದು ಸಡಿಲವಾಗಿ ಜಾರಿ ಮೊಣಕಾಲ ಕೆಳಗೆ ಮಡಿಕೆ ಬೀಳುತ್ತಿತ್ತು. 2025ರ ಮೇ ತಿಂಗಳಲ್ಲಿ ಬೆಟಗೇರಿಯಲ್ಲಿ ನಡೆದ ತಮ್ಮನ ಮಗಳ ಮದುವೆಗೆ, ಸೆಖೆಯ ನೆಪ ಮಾಡಿ, ಅದನ್ನೂ ಹಾಕದೆ ಇಡೀ ದಿನ ಬಂದವರನ್ನು ಕರೆಯುತ್ತ ನಿಂತೆ. ವಾರದೊಳಗೆ ಹಳೆಯ ಜಾಗದಲ್ಲೇ ಚರ್ಮ ಒಡೆಯಿತು, 2 ಎಮ್.

ಮತ್ತೆ ಅದೇ ಪಟ್ಟಿ, ಈ ಸಲ ಐದು ವಾರ. ಸ್ಕ್ಯಾನಿನಲ್ಲಿ ಸೋತ ನಾಳವನ್ನು ಗುರುತಿಸಿರುವ ವೈದ್ಯರು ಲೇಸರಿನಿಂದ ಅದನ್ನು ಮುಚ್ಚಬೇಕೆಂದು ಮೊದಲೇ ಹೇಳಿದ್ದರು. ಪಟ್ಟಿಯ ಜೊತೆಗೇ ನಾಳವನ್ನು ಬೇಗ ಮುಚ್ಚಿದವರಲ್ಲಿ ಅರ್ಧದಷ್ಟು ಜನರ ಹುಣ್ಣು ಮಾಯಲು 56 ದಿನ, ತಡಮಾಡಿದವರಲ್ಲಿ ಅರ್ಧದಷ್ಟು ಜನರಿಗೆ 82 ದಿನ ಹಿಡಿಯಿತೆಂದು 2018ರ ಬ್ರಿಟನ್ನಿನ ಅಧ್ಯಯನವೊಂದನ್ನು ತೋರಿಸಿದ್ದರು. ಖರ್ಚಿಗೆ ಹಿಂಜರಿದು ಮುಂದೂಡಿದವನು ನಾನೇ. ದೀಪಾವಳಿಯ ನಂತರದ ದಿನ ಗೊತ್ತುಮಾಡಿಕೊಂಡು ಬಂದಿದ್ದೇನೆ. ಪಟ್ಟಿಗಳಲ್ಲಿ ಒಂದರ ಅಂಚು ಎಳೆ ಬಿಡತೊಡಗಿದೆ. ಸೊಸೆ ಅದಕ್ಕೆ ದಾರದಿಂದ ಸಣ್ಣ ಹೊಲಿಗೆ ಹಾಕಿಕೊಟ್ಟಿದ್ದಾಳೆ.