ಬಾಕ್ಸಿಂಗ್ ಹೆಡ್‌ಗಾರ್ಡ್: ಹುಬ್ಬನ್ನು ಕಾಯುತ್ತದೆ, ಮಿದುಳನ್ನಲ್ಲ

ಧಾರವಾಡದಲ್ಲಿ ಬಾಕ್ಸಿಂಗ್ ಕಲಿಯುತ್ತಿರುವ ನನ್ನ ಅಕ್ಕನ ಮಗನಿಗಾಗಿ ಹುಬ್ಬಳ್ಳಿಯ ಕ್ರೀಡಾ ಸಾಮಗ್ರಿ ಅಂಗಡಿಯೊಂದರಲ್ಲಿ ಕೊಂಡ ಹೆಡ್‌ಗಾರ್ಡ್ ಕುರಿತ ವಿಮರ್ಶೆ ಇದು. ವಸ್ತು ಚೆನ್ನಾಗಿದೆ. ಆದರೆ ಮಿದುಳಿಗೆ ಸಂಪೂರ್ಣ ರಕ್ಷಣೆ ಎಂದು ಅದರ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವ ಭರವಸೆಯನ್ನು ಯಾವ ತಂದೆತಾಯಿಯೂ ನಂಬಬಾರದು. ಅಂಗಡಿಯವರೂ ‘ಇದನ್ನ ಹಾಕ್ಕೊಂಡ್ರ ತಲಿಗೆ ಏನೂ ಆಗೂದಿಲ್ರೀ’ ಎಂದೇ ಹೇಳಿದರು.

ಹೊರಹೊದಿಕೆ ಕೃತಕ ಚರ್ಮದ್ದು, ಹೊಲಿಗೆ ಗಟ್ಟಿಯಾಗಿದೆ. ಹಣೆಯ ಭಾಗದ ಫೋಮನ್ನು ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬಿದ್ದು ನಿಧಾನವಾಗಿ ಮೇಲೇಳುತ್ತದೆ. ಗದ್ದದ ಪಟ್ಟಿಯ ವೆಲ್ಕ್ರೋ ಬೆವರಿನಲ್ಲಿ ತೊಯ್ದರೂ ಹಿಡಿತ ಬಿಡುವುದಿಲ್ಲ. ಹುಬ್ಬು ಒಡೆಯುವುದು, ಕಿವಿ ಬಾಯುವುದು, ತಲೆಗೆ ತಲೆ ಬಡಿದು ಚರ್ಮ ಸೀಳುವುದು ಇವೆಲ್ಲಕ್ಕೂ ಇದು ಒಳ್ಳೆಯ ತಡೆ. ಕೆನ್ನೆಯ ದಿಂಬು ದಪ್ಪವಿರುವುದರಿಂದ ಕೆಳಗಿನಿಂದ ಬರುವ ಅಪ್ಪರ್‌ಕಟ್ ತಡವಾಗಿ ಕಾಣುತ್ತದೆ ಎಂದು ಹುಡುಗ ಹೇಳುತ್ತಾನೆ, ಇದನ್ನು ಸಣ್ಣ ದೋಷವೆಂದು ಬಿಡಲಾಗದು.

ಇನ್ನು ಮಿದುಳಿನ ಮಾತು. ಮೊಸರಿನ ಗಡಿಗೆಗೆ ಹೊರಗಿನಿಂದ ಎಷ್ಟೇ ದಪ್ಪ ಬಟ್ಟೆ ಸುತ್ತಿದರೂ ಗಡಿಗೆಯನ್ನು ಜೋರಾಗಿ ತಿರುಗಿಸಿದಾಗ ಒಳಗಿನ ಮೊಸರು ಒಡೆಯುವಂತೆ, ದವಡೆಗೆ ಬಿದ್ದ ಗುದ್ದು ತಲೆಯನ್ನು ಥಟ್ಟನೆ ತಿರುಗಿಸಿದಾಗ ಬುರುಡೆಯೊಳಗೆ ದ್ರವದಲ್ಲಿರುವ ಮಿದುಳು ಹಿಂಜಿದಂತಾಗಿ ಅದರ ನರತಂತುಗಳು ಸೆಳೆತಕ್ಕೆ ಸಿಗುತ್ತವೆ. ಆ ತಂತುಗಳ ಒಳರಚನೆಯನ್ನು ಬಿಗಿಹಿಡಿಯುವ ಟೌ ಎಂಬ ಪ್ರೋಟೀನು ಸಡಿಲಗೊಂಡು ಗಂಟುಗಟ್ಟತೊಡಗಬಹುದು. ಎಚ್ಚರ ತಪ್ಪಿ ಬೀಳುವಂಥ ಪೆಟ್ಟೇ ಆಗಬೇಕೆಂದಿಲ್ಲ; ತಲೆ ಸ್ವಲ್ಪ ಗಿಮ್ಮೆಂದು ಮರುಕ್ಷಣ ಸರಿಯಾಗುವ ಪೆಟ್ಟುಗಳೇ ವರ್ಷಗಟ್ಟಲೆ ಮೇಲಿಂದ ಮೇಲೆ ಬಿದ್ದರೆ, ಮಿದುಳಿನ ಮಡಿಕೆಗಳ ಆಳದಲ್ಲಿ, ಸಣ್ಣ ರಕ್ತನಾಳಗಳ ಸುತ್ತ ಈ ಗಂಟುಗಳು ಕೂಡಿಕೊಳ್ಳಬಹುದು. ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಅಂದರೆ ಸಿಟಿಇ ಎಂಬ ಕಾಯಿಲೆಯ ಗುರುತು ಇದೇ. ಮರೆವು, ಕಾರಣವಿಲ್ಲದ ಸಿಟ್ಟು, ಖಿನ್ನತೆ, ಕೊನೆಗೆ ಬುದ್ಧಿಶಕ್ತಿಯೇ ಕುಂದುವಂಥ ಲಕ್ಷಣಗಳು ಅನೇಕ ಸಲ ಆಟ ಬಿಟ್ಟು ಎಷ್ಟೋ ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಪೆಟ್ಟು ತಿಂದವರೆಲ್ಲರಿಗೂ ಇದು ಬರುವುದಿಲ್ಲ, ಬಂದದ್ದನ್ನು ಖಚಿತವಾಗಿ ಹೇಳಲು ಮರಣಾನಂತರದ ಪರೀಕ್ಷೆಯೇ ಬೇಕು.

ಬಾಕ್ಸರ್‌ಗಳಲ್ಲಿ ಈ ಸ್ಥಿತಿಯನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದರು. 2002ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ತೀರಿಕೊಂಡಾಗ ಅವರ ಮಿದುಳನ್ನು ಪರೀಕ್ಷಿಸಿದ ವೈದ್ಯ ಬೆನೆಟ್ ಒಮಾಲು ಅದೇ ಬಗೆಯ ಹಾನಿಯನ್ನು ಕಂಡು, 2005ರಲ್ಲಿ ಪ್ರಕಟಿಸಿದರು. ಬಾಸ್ಟನ್ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್‌ನ 111 ಮಾಜಿ ಆಟಗಾರರ ಪೈಕಿ 110 ಮಂದಿಯ ಮಿದುಳಿನಲ್ಲಿ ಸಿಟಿಇ ಕಂಡುಬಂತು. ದಾನವಾಗಿ ಬಂದ ಮಿದುಳುಗಳವು, ತೊಂದರೆಯ ಅನುಮಾನವಿದ್ದ ಕುಟುಂಬಗಳೇ ಹೆಚ್ಚಾಗಿ ಮುಂದೆ ಬಂದಿರಬಹುದು. ಹಾಗಾಗಿ ಆ ಪ್ರಮಾಣವನ್ನು ಎಲ್ಲ ಆಟಗಾರರಿಗೂ ಅನ್ವಯಿಸುವಂತಿಲ್ಲ. ಆದರೂ ನಾನು ಕೊಂಡ ಹೆಡ್‌ಗಾರ್ಡಿಗಿಂತ ಎಷ್ಟೋ ಗಟ್ಟಿಯಾದ ಹೆಲ್ಮೆಟ್ ತೊಟ್ಟು ಆಡುವ ಆಟ ಅದು ಎಂಬುದನ್ನು ಮರೆಯುವಂತಿಲ್ಲ.

2013ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಸೀನಿಯರ್ ವಿಭಾಗದ ಪುರುಷರ ಪಂದ್ಯಗಳಿಂದ ಹೆಡ್‌ಗಾರ್ಡನ್ನೇ ತೆಗೆದುಹಾಕಿತು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆಯೇ ಸೆಣಸಿದರು. ಆ ನಿರ್ಧಾರದ ಬಗ್ಗೆ ವಾದ ಇನ್ನೂ ಇದೆ. ಕಲಿಯುವ ಹುಡುಗರಿಗೆ ಹೆಡ್‌ಗಾರ್ಡ್ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ, ಆದರೆ ಅದು ಹೆಚ್ಚು ಪೆಟ್ಟು ತಿನ್ನಲು ಪರವಾನಗಿಯಾಗಬಾರದು.

ಕುಸ್ತಿಯ ಗರಡಿಗಳಿಗೆ ಹೆಸರಾದ ನಮ್ಮ ಭಾಗದಲ್ಲಿ ಪೆಟ್ಟಾದರೆ ಸಹಿಸಿಕೊಂಡು ಎದ್ದು ನಿಲ್ಲುವುದನ್ನೇ ಶೌರ್ಯವೆಂದು ಕಲಿಸುತ್ತಾರೆ. ಕೈಕಾಲಿನ ನೋವಿಗೆ ಅದು ಸರಿ, ತಲೆಗೆ ಸಲ್ಲದು. ನಮ್ಮ ಹುಡುಗನ ಕೋಚ್ ಅವರ ಬಳಿ ಮಾತನಾಡಿದಾಗ ಅವರು ಸ್ಪಾರಿಂಗ್, ಅಂದರೆ ಎದುರಾಳಿಯೊಂದಿಗಿನ ಅಭ್ಯಾಸದ ಕಾಳಗ, ಕಡಿಮೆ ಮಾಡಿ ಬ್ಯಾಗ್ ಮತ್ತು ಪ್ಯಾಡ್ ಅಭ್ಯಾಸ ಹೆಚ್ಚಿಸಲು, ತಲೆನೋವು ಅಥವಾ ತಲೆಸುತ್ತು ಬಂದ ಹುಡುಗನನ್ನು ವೈದ್ಯರು ನೋಡುವ ತನಕ ರಿಂಗಿಗೆ ಇಳಿಸದಿರಲು ಒಪ್ಪಿದರು. ಈ ಹೆಡ್‌ಗಾರ್ಡ್ ಕೊಳ್ಳುವವರೂ ಮೊದಲು ಆ ಮಾತುಕತೆ ಮುಗಿಸಿಕೊಳ್ಳಲಿ. ಆಮೇಲೆ ಹುಡುಗನನ್ನೇ ಅಂಗಡಿಗೆ ಕರೆದೊಯ್ದು ತೊಡಿಸಿ ನೋಡಿ. ತಲೆ ಅಲ್ಲಾಡಿಸಿದಾಗ ಅದು ಕಣ್ಣಿನ ಮೇಲೆ ಜಾರಿದರೆ ಒಂದು ಸೈಜು ಚಿಕ್ಕದನ್ನು ಕೇಳಿ.