ಸ್ಟೇಷನ್ ವೈಫೈಗೆ ಸರಿ, ಬೆಟ್ಟಿಂಗ್‌ಗೆ ಈ ವಿಪಿಎನ್ ಬೇಡವೇ ಬೇಡ

ದಿನಾ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತೇನೆ. ಸ್ಟೇಷನ್ ವೈಫೈಗೆ ಅಂತ ಈ ವಿಪಿಎನ್ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಕಡೆಯ ಸರ್ವರ್ ಮೂಲಕ ಗುಪ್ತವಾಗಿ ಕಳಿಸುವ ಆ್ಯಪ್) ಹಾಕಿಸಿಕೊಂಡೆ. ಆ ಕೆಲಸಕ್ಕೆ 4 ಸ್ಟಾರ್, ಸ್ಪೀಡ್ ಚೆನ್ನಾಗಿದೆ.

ಆದರೆ ಚಿಕ್ಕಪ್ಪನ ಮಗ ನನ್ನ ವಿಪಿಎನ್ ಲಾಗಿನ್ ತಗೊಂಡು ಹೊರದೇಶದ ಬೆಟ್ಟಿಂಗ್ ಸೈಟ್‌ಗೆ ಹೋದ. 38,000 ರೂಪಾಯಿ ಗೆದ್ದ. ತೆಗೆಯೋಕೆ ಹೋದಾಗ ಆಧಾರ್ ಕೇಳಿದರು, ವಿಳಾಸ ತುಮಕೂರು, ಲಾಗಿನ್ ಆಗಿದ್ದು ಬೇರೆ ದೇಶದಿಂದ, ವಿಪಿಎನ್ ಬಳಸಿದ್ದು ನಿಯಮಕ್ಕೆ ವಿರುದ್ಧ ಅಂತ ಹೇಳಿ ಖಾತೆಯನ್ನೇ ಮುಚ್ಚಿಬಿಟ್ಟರು. ಹಾಕಿದ ದುಡ್ಡೂ ಹೋಯಿತು. ಯಾರನ್ನು ಕೇಳುವುದು? ಅವನ ಮುಖ ನೋಡಿ ನನಗೆ ಹೊಟ್ಟೆ ಉರಿದುಹೋಯಿತು.

ನಮ್ಮ ದೇಶದಲ್ಲಿ ವಿಪಿಎನ್ ಬಳಸುವುದು ತಪ್ಪಲ್ಲ. ಆದರೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಸುಮ್ನೆ ಆಡುವವರಿಗೆ ಆ ಕಾನೂನಿನಲ್ಲಿ ಶಿಕ್ಷೆ ಇಲ್ಲ, ನಿಜ. ಆದರೆ ಲಿಂಕ್ ಹಂಚಿ ಪ್ರಚಾರ ಮಾಡಿದರೆ 2 ವರ್ಷದವರೆಗೆ ಒಳಗೆ ಹೋಗಬಹುದು. ಗುಂಪುಗಳಲ್ಲಿ ಲಿಂಕ್ ಹಾಕುವ ಹುಡುಗರೇ, ಇದನ್ನು ಎರಡು ಸಲ ಓದಿ.

ಇನ್ನೊಂದು ವಿಷಯ. ವಿಪಿಎನ್ ನಮ್ಮ ಐಪಿ ವಿಳಾಸವನ್ನು (ಇಂಟರ್ನೆಟ್‌ನಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಮತ್ತು ವೈಫೈನಲ್ಲಿ ಹೋಗುವ ಮಾಹಿತಿಯನ್ನು ಮುಚ್ಚಿಡುತ್ತದೆ, ನಾವು ಯಾರು ಅನ್ನುವುದನ್ನಲ್ಲ. ಯುಪಿಐನಲ್ಲಿ ದುಡ್ಡು ಹಾಕಿದರೆ ಹೆಸರು, ಬ್ಯಾಂಕ್ ಎಲ್ಲಾ ದಾಖಲಾಗುತ್ತದೆ ಅಲ್ವಾ? ಸಾಲದ್ದಕ್ಕೆ, ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ 2022ರಲ್ಲೇ ವಿಪಿಎನ್ ಕಂಪನಿಗಳಿಗೆ ಸರ್ಕಾರದ ಆದೇಶ ಬಂದಿದೆ.

ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇವೆ. ವಿಪಿಎನ್ ಲಾಗಿನ್ ಪಾಸ್‌ವರ್ಡ್ ಬದಲಾಯಿಸಿದ್ದೇನೆ.